1974ರಲ್ಲಿ ಸತ್ತದ್ದು ಯಾವುದು? ಕಾನೂನು–ಅಭಿವೃದ್ಧಿ ಸ್ನಾತಕೋತ್ತರ ಅಧ್ಯಯನದ ಕಾಲಗಣನೆ ಕುರಿತು

ಕಾನೂನು ಮತ್ತು ಅಭಿವೃದ್ಧಿ ಎಂಬ ಸ್ನಾತಕೋತ್ತರ ವಿಷಯದ ಚರಿತ್ರೆ ಬರೆದವರು ಬಹುಮಟ್ಟಿಗೆ ಅಮೆರಿಕದಿಂದಲೇ ಹೊರಡುತ್ತಾರೆ. 1960ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನ ಮತ್ತು ಯುಎಸ್ಏಡ್ ಹಣದ ಬಲದಿಂದ ಅಲ್ಲಿನ ಕಾನೂನು ಪ್ರಾಧ್ಯಾಪಕರು ಹೊರದೇಶಗಳಿಗೆ ಹೋದದ್ದು, 1974ರಲ್ಲಿ ಡೇವಿಡ್ ಟ್ರುಬೆಕ್ ಮತ್ತು ಮಾರ್ಕ್ ಗ್ಯಾಲಂಟರ್ ‘ವಿಸ್ಕಾನ್ಸಿನ್ ಲಾ ರಿವ್ಯೂ’ನಲ್ಲಿ ಆ ಉತ್ಸಾಹದ ಬುಡವನ್ನೇ ಪ್ರಶ್ನಿಸಿದ್ದು, 1980ರಲ್ಲಿ ಜೇಮ್ಸ್ ಗಾರ್ಡ್ನರ್ ಅದಕ್ಕೆ ಕಾನೂನು ಸಾಮ್ರಾಜ್ಯಶಾಹಿ ಎಂದು ಹೆಸರಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಟ್ರುಬೆಕ್ ಮತ್ತು ಆಲ್ವಾರೊ ಸಾಂಟೋಸ್ 2006ರ ಸಂಪುಟದಲ್ಲಿ ಈ ಚರಿತ್ರೆಯನ್ನು ಮೂರು ಘಟ್ಟಗಳಾಗಿ ಒಡೆದರು.

ನನ್ನ ತಕರಾರು ಮೊದಲ ಘಟ್ಟ ಮುಗಿಯಿತೆನ್ನುವ ಗೆರೆಯ ಬಗ್ಗೆ. 1974ರ ಲೇಖನವನ್ನು ವಿಷಯದ ಮರಣಪತ್ರವೆಂದು ಓದುವುದು ರೂಢಿ. ಆದರೆ ಅದರ ಶೀರ್ಷಿಕೆಯೇ ಮಾತಾಡುವುದು ವಿದ್ವಾಂಸರ ಆತ್ಮಪರಕೀಯತೆಯ ಬಗ್ಗೆ. ಆ ವಿದ್ವಾಂಸರು ಮುಖ್ಯವಾಗಿ ಅಮೆರಿಕನ್ನರು. ಕಲಿಸಲು ಹೋದವರು ಕೈಬಿಟ್ಟರೆಂದ ಮಾತ್ರಕ್ಕೆ ಕಲಿಯುವವರೂ ಪುಸ್ತಕ ಮುಚ್ಚಿದರೇ?

ದಾರ್ ಎಸ್ ಸಲಾಂನ ಉದಾಹರಣೆ ನೋಡಬೇಕು. 1961ರ ಅಕ್ಟೋಬರ್‌ನಲ್ಲಿ, ಟಾಂಗಾನಿಕಾ ಸ್ವತಂತ್ರವಾಗುವ ಎರಡು ತಿಂಗಳು ಮೊದಲು, ಅಲ್ಲಿನ ಯೂನಿವರ್ಸಿಟಿ ಕಾಲೇಜು ತೆರೆದದ್ದು ಕಾನೂನು ವಿಭಾಗವೊಂದರಿಂದಲೇ. ಪಾಠ ಶುರುವಾದದ್ದು ಆಗಲೇ ಸರ್ಕಾರ ನಡೆಸುತ್ತಿದ್ದ ಟಾನು ಪಕ್ಷದ ಲುಮುಂಬಾ ಬೀದಿಯ ಕಟ್ಟಡದಲ್ಲಿ. ಪದವಿ ಕೊಡುತ್ತಿದ್ದುದು ಮಾತ್ರ ಲಂಡನ್ ವಿಶ್ವವಿದ್ಯಾಲಯ. ವಿಲಿಯಂ ಟ್ವೈನಿಂಗ್, ಪ್ಯಾಟ್ರಿಕ್ ಮ್ಯಾಕ್‌ಆಸ್ಲನ್, ಕೀನ್ಯಾದ ಯಶ್ ಘಾಯ್ ಇಲ್ಲಿ ಕಲಿಸಿದರು. ದೇಶ ಸಮಾಜವಾದದ ಹಾದಿ ಹಿಡಿದ 1967ರ ಅರುಷಾ ಘೋಷಣೆಯ ನಂತರ, ಸಮಾಜವಾದಿ ದೇಶದಲ್ಲಿ ವಕೀಲನಿಗೆ ಏನು ಕೆಲಸ ಎಂಬ ಪ್ರಶ್ನೆ ತರಗತಿಯೊಳಗೇ ಬಂತು. ಇಲ್ಲಿ ಓದಿದ ಇಸಾ ಶಿವ್‌ಜಿ ಮುಂದೆ ಇಲ್ಲೇ 1982ರಲ್ಲಿ ಡಾಕ್ಟರೇಟ್ ಪಡೆದರು. ಕಾನೂನು, ಪ್ರಭುತ್ವ, ಕಾರ್ಮಿಕ ವರ್ಗ ಕುರಿತ ಅವರ ಗ್ರಂಥ 1986ರಲ್ಲಿ ಬಂತು. ‘ಮರಣ’ದ ನಂತರದ ಫಸಲಿದು.

ಇನ್ನೊಂದು ಎಳೆಯೂ ಇದೆ. 1968ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಕಾನೂನು ಶಾಲೆ ಆರಂಭವಾದಾಗ ಮ್ಯಾಕ್‌ಆಸ್ಲನ್ ಅದರ ಮೊದಲ ಅಧ್ಯಾಪಕರಲ್ಲೊಬ್ಬರು. 1972ರಲ್ಲಿ ಟ್ವೈನಿಂಗ್, ಆಮೇಲೆ ಘಾಯ್ ಅಲ್ಲಿಗೆ ಹೋದರು. ಅಭಿವೃದ್ಧಿಯಲ್ಲಿ ಕಾನೂನು ಎಂಬ ವಿಷಯಕ್ಕೆ ಅದು ಹೆಸರಾಂತ ಕೇಂದ್ರವಾಯಿತು. 1990ರ ದಶಕದಲ್ಲಿ ಉಪೇಂದ್ರ ಬಕ್ಷಿ ಅದೇ ವಿಷಯದ ಪ್ರಾಧ್ಯಾಪಕರಾಗಿ ಹೋದದ್ದೂ ಅಲ್ಲಿಗೇ. ಆದ್ದರಿಂದ ನನ್ನ ವಾದ ಇಷ್ಟು: ಬ್ರಿಟನ್ನಿನ ಈ ಸ್ನಾತಕೋತ್ತರ ಪಾಠದ ಒಂದು ಮುಖ್ಯ ಭಾಗವಾದರೂ ಆಫ್ರಿಕದ ತರಗತಿಯಲ್ಲಿ ರೂಪು ತಳೆದದ್ದು.

‘ಒಂದು ಭಾಗ’ ಎಂದದ್ದು ಬೇಕೆಂದೇ. ವಾರ್ವಿಕ್‌ನ ಸ್ಥಾಪಕ ಜೆಫ್ರಿ ವಿಲ್ಸನ್ ಕೇಂಬ್ರಿಜ್‌ನಿಂದ ಬಂದವರು. ಕಾನೂನನ್ನು ಅದರ ಸಂದರ್ಭದಲ್ಲಿಟ್ಟು ಕಲಿಸಬೇಕೆಂಬ ಹಟ ಅವರಿಗೂ ಇತ್ತು. ದಾರ್‌ನ ಮೊದಲ ಅಧ್ಯಾಪಕರಲ್ಲಿ ಬಹುಪಾಲು ಬಿಳಿಯರೇ. ಹಾಗಾಗಿ ಇದನ್ನು ದೇಸಿ ವಿದ್ಯೆಯ ವಿಜಯವೆಂದು ಮೆರೆಸಲು ನಾನು ಸಿದ್ಧನಿಲ್ಲ. ಶಿವ್‌ಜಿಯವರ ಮಾರ್ಕ್ಸ್‌ವಾದಿ ಬರಹವನ್ನು ‘ಕಾನೂನು ಮತ್ತು ಅಭಿವೃದ್ಧಿ’ಯ ಖಾತೆಗೆ ಹಾಕಿಕೊಳ್ಳುವುದಕ್ಕೆ ಅವರ ಓದುಗರೇ ಆಕ್ಷೇಪಿಸಬಹುದು, ಆ ಆಕ್ಷೇಪದಲ್ಲಿ ತಿರುಳಿದೆ. ಆದರೂ ಪ್ರಭುತ್ವ, ಆರ್ಥಿಕತೆ, ಕಾನೂನುಗಳ ಸಂಬಂಧವೇ ಈ ವಿಷಯದ ವಸ್ತುವಾದರೆ, ಅವರನ್ನು ಹೊರಗಿಡಲು ಕಾರಣ ಸಿಗುವುದಿಲ್ಲ. 1974ರಲ್ಲಿ ಕುಸಿದದ್ದು ಪ್ರಾಯೋಜಕರ ವಿಶ್ವಾಸ.

ಘಾನಾ, ನೈಜೀರಿಯಗಳ ಹೊಸ ಕಾನೂನು ವಿಭಾಗಗಳಿಗೆ ಈ ಮಾತು ಎಷ್ಟರಮಟ್ಟಿಗೆ ಅನ್ವಯವಾದೀತು ಎಂಬುದು ಬೇರೆಯೇ ಪರಿಶೀಲನೆ ಬೇಡುತ್ತದೆ. ಅದಕ್ಕೆ ಅಧ್ಯಾಪಕರ ಆತ್ಮಕಥನಗಳಿಗಿಂತ ಪಠ್ಯಪಟ್ಟಿ, ಪ್ರಶ್ನೆಪತ್ರಿಕೆಗಳೇ ಒಳ್ಳೆಯ ಆಕರ.