ಚಂದಾ, ದತ್ತಿ, ಸದಸ್ಯತ್ವ: ಕರ್ನಾಟಕದ ಸ್ಥಳೀಯ ಸಂಗ್ರಹಾಲಯಗಳೂ ಕಲಾಕೇಂದ್ರಗಳೂ ಬೆಳೆದ ಬಗೆ

ಕರ್ನಾಟಕದ ಮೊದಲ ಸಾರ್ವಜನಿಕ ವಸ್ತುಸಂಗ್ರಹಾಲಯ ಊರವರು ಕೇಳಿ ಪಡೆದದ್ದಲ್ಲ. 1851ರಲ್ಲಿ ಮದ್ರಾಸಿನ ಸಂಗ್ರಹಾಲಯಕ್ಕೆ ಕೈಹಾಕಿದ್ದ ಸೈನ್ಯದ ವೈದ್ಯ ಎಡ್ವರ್ಡ್ ಬಾಲ್ಫೋರ್, ಬೆಂಗಳೂರಿಗೂ ಅಂಥದೊಂದು ಬೇಕೆಂದು ಹಟ ಹಿಡಿದ. ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, 1865ರಲ್ಲಿ, ಅದು ಶುರುವಾಯಿತು; 1877ರಲ್ಲಿ ಈಗಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡಕ್ಕೆ ಬಂತು. ಶಾಸನದ ಕಲ್ಲು, ವಿಗ್ರಹ, ಹುಲ್ಲು ತುಂಬಿದ ಪ್ರಾಣಿ, ಖನಿಜದ ಮಾದರಿ ಎಲ್ಲವೂ ಒಂದೇ ಸೂರಿನಡಿ ಇದ್ದ ಆ ಜಾಗವನ್ನು ಜನ ‘ತಮಾಷೆ ಬಂಗಲೆ’ ಎಂದು ಕರೆದರು. ಹೆಸರು ಒಪ್ಪುವಂಥದೇ. ಜನ ಬಂದರು, ಬೆರಗಾಗಿ ನೋಡಿದರು, ಹೋದರು. ಅಲ್ಲಿ ಏನಿರಬೇಕು, ಏನು ನಡೆಯಬೇಕು ಎಂದು ಹೇಳುವ ಅಧಿಕಾರ ಅವರಿಗಿರಲಿಲ್ಲ. ಯಾರೂ ಅದನ್ನು ಅವರಿಂದ ನಿರೀಕ್ಷಿಸಿರಲೂ ಇಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಇಟಲಿಯ ಪಾದ್ರಿ ಚಿಯಾಪ್ಪಿ 1913ರಲ್ಲಿ ಆರಂಭಿಸಿದ ‘ಅಲೋಶಿಯಂ’ ಕೂಡ ಹೀಗೆ ಮೇಲಿನಿಂದ ಬಂದ ಕೊಡುಗೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಅರಸರ ಸಂಗ್ರಹವನ್ನು ಪ್ರಜೆಗಳ ನೋಟಕ್ಕೆ ತೆರೆದಿಟ್ಟದ್ದು. ಪ್ರವೇಶಪತ್ರ ಕೊಂಡವರು ನೋಡುಗರಾದರು, ಅಷ್ಟೆ.

ಸಂಸ್ಥೆಯೊಂದನ್ನು ಚಂದಾ ಹಾಕಿ ನಡೆಸುವ ಅಭ್ಯಾಸ ಬೆಳೆದದ್ದು ಬೇರೆ ಹಾದಿಯಲ್ಲಿ. 1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಮರಾಠಿಯೇ ಪ್ರತಿಷ್ಠೆಯ ಭಾಷೆಯಾಗಿದ್ದ ಮುಂಬಯಿ ಪ್ರಾಂತದ ಊರಿನಲ್ಲಿ ಕನ್ನಡ ಪುಸ್ತಕ ಬರೆಸುವುದನ್ನು ಮೊದಲ ಕೆಲಸವಾಗಿಸಿಕೊಂಡಿತು. 1905ರಲ್ಲಿ ಬೆಂಗಳೂರಿನ ಗಾಯನ ಸಮಾಜ, 1909ರಲ್ಲಿ ಮಿಥಿಕ್ ಸೊಸೈಟಿ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1926ರಲ್ಲಿ ಮುಂಬಯಿಯ ಮೈಸೂರು ಅಸೋಸಿಯೇಷನ್: ಕೆಲಸ ಬೇರೆ ಬೇರೆಯಾದರೂ ಎಲ್ಲದರ ಅಡಿಪಾಯ ಒಂದೇ. ಸದಸ್ಯರ ಹೆಸರು ಬರೆದ ಪುಸ್ತಕ, ಚಂದಾದ ರಶೀದಿ, ವರ್ಷಕ್ಕೊಮ್ಮೆ ಮಹಾಸಭೆ. ಇವುಗಳಲ್ಲಿ ಸ್ಥಳೀಯ ಚರಿತ್ರೆಗೆ ನೇರವಾಗಿ ಕೈಹಾಕಿದ್ದು ಮಿಥಿಕ್ ಸೊಸೈಟಿ. ಪಾದ್ರಿ ಟಬಾರ್ಡ್ ಅದರ ಮೊದಲ ಅಧ್ಯಕ್ಷ. ಯುರೋಪಿಯನ್ನರೂ ಇಲ್ಲಿನ ವಿದ್ವಾಂಸರೂ ಒಂದೇ ಮೇಜಿನ ಸುತ್ತ ಕುಳಿತು ನಾಣ್ಯ, ಶಾಸನ, ಆಚರಣೆಗಳ ಬಗ್ಗೆ ಪ್ರಬಂಧ ಓದಿದರು. ಅಲ್ಲಿಂದ ಹೊರಟ ತ್ರೈಮಾಸಿಕ ಪತ್ರಿಕೆ ಶತಮಾನ ದಾಟಿದೆ.

‘ಆಜೀವ ಸದಸ್ಯ’, ‘ಪೋಷಕ ಸದಸ್ಯ’, ‘ದತ್ತಿ’ ಎಂಬ ಪದಗಳು ಎಲ್ಲ ಊರುಗಳ ಆಮಂತ್ರಣ ಪತ್ರಿಕೆಗಳಿಗೂ ಹೋದದ್ದು ಈ ಸಂಘಗಳಿಂದ. ದತ್ತಿಯಂತೂ ಕನ್ನಡ ಸಂಘಸಂಸ್ಥೆಗಳ ಬಹು ಜಾಣ ಏರ್ಪಾಡು. ತಂದೆತಾಯಿಯ ಅಥವಾ ಗುರುವಿನ ಹೆಸರಿನಲ್ಲಿ ಒಬ್ಬರು ಇಡಿಗಂಟು ಕೊಡುತ್ತಾರೆ. ಸಂಘ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸವನ್ನೋ ಬಹುಮಾನವನ್ನೋ ನಡೆಸುತ್ತದೆ. ಕೊಟ್ಟವರ ಋಣಸಂದಾಯವೂ ಆಯಿತು, ಸಂಘದ ಕಾರ್ಯಕ್ರಮದ ಪಟ್ಟಿಯೂ ತುಂಬಿತು. ತೊಂದರೆ ಬರುವುದು ನಿಧಾನವಾಗಿ. ಮೂಲಧನ ಅಷ್ಟೇ ಇರುತ್ತದೆ, ಬಡ್ಡಿದರ ಇಳಿಯುತ್ತದೆ, ಪೆಂಡಾಲಿನ ಬಾಡಿಗೆ ಏರುತ್ತದೆ. ಕೊನೆಗೆ ಐದಾರು ದತ್ತಿಗಳನ್ನು ಒಂದೇ ಮಧ್ಯಾಹ್ನಕ್ಕೆ ಕಟ್ಟಿಹಾಕಿ, ಒಬ್ಬರೇ ಉಪನ್ಯಾಸಕರಿಂದ ಮುಗಿಸುವ ಪರಿಪಾಠ ಬೀಳುತ್ತದೆ.

ಸಂಗ್ರಹ, ಅಭ್ಯಾಸ, ಪ್ರದರ್ಶನ ಮೂರೂ ಕೂಡಿದ ಕಲಾಕೇಂದ್ರ ಎಂಬ ಕಲ್ಪನೆಗೆ ಇಲ್ಲಿನ ಮೊದಲ ಮಾದರಿಗಳು ನಗರದಲ್ಲಿ ಮೂಡಲಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆ, ಕುಣಿತ, ನಾಟಕ, ಮುದ್ರಣ ಎಲ್ಲವನ್ನೂ ಒಂದೇ ಅಂಗಳದಲ್ಲಿ ಪ್ರಯೋಗಿಸಿದರು. ಅದು ಬಹುಪಾಲು ಅವರೊಬ್ಬರ ಪ್ರಯೋಗವಾಗಿಯೇ ಉಳಿಯಿತು. ಊರೇ ಸೇರಿ ನಡೆಸಿದ್ದಕ್ಕೆ ಉದಾಹರಣೆ ಬೇಕಾದರೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಬೇಕು. ಅಲ್ಲಿನ ಅಡಿಕೆ ತೋಟಗಳ ನಡುವೆ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಮೊದಲಿಗೆ ಹವ್ಯಾಸಿಗಳ ನಾಟಕ ತಂಡ. ಕೆ.ವಿ. ಸುಬ್ಬಣ್ಣ ಅದನ್ನು ಹಂತಹಂತವಾಗಿ ಹಿಗ್ಗಿಸಿದರು. 1972ಕ್ಕೆ ಶಿವರಾಮ ಕಾರಂತ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ಕ್ಕೆ ರಂಗಶಿಕ್ಷಣ ಕೇಂದ್ರ, 1985ಕ್ಕೆ ಊರೂರು ಸುತ್ತುವ ‘ತಿರುಗಾಟ’. ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ಅಡಿಕೆ ಸುಲಿಯುವವರು ನೋಡಿ ಚರ್ಚಿಸಿದರು ಎಂಬುದು ಆಗ ಪತ್ರಿಕೆಗಳಿಗೆ ಸೋಜಿಗದ ಸುದ್ದಿಯಾಗಿತ್ತು. ಹೆಗ್ಗೋಡಿನವರಿಗೆ ಅದರಲ್ಲಿ ಅಷ್ಟು ಸೋಜಿಗವೇನೂ ಇರಲಿಲ್ಲ. ಯಕ್ಷಗಾನ ತಾಳಮದ್ದಳೆಯಲ್ಲಿ ರಾತ್ರಿಯಿಡೀ ವಾದ ಕೇಳುವ ಊರಿಗೆ ಸಿನಿಮಾ ಕುರಿತ ವಾದ ಪರಕೀಯವಾಗುವುದು ಹೇಗೆ?

ಹೆಗ್ಗೋಡಿನ ಗಟ್ಟಿತನಕ್ಕೆ 1991ರಲ್ಲಿ ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಗಿಂತ ಹೆಚ್ಚಿನ ಸಾಕ್ಷಿಯೆಂದರೆ ವರ್ಷ ವರ್ಷ ನಡೆಯುವ ಸಂಸ್ಕೃತಿ ಶಿಬಿರ. ನಾಡಿನ ಬೇರೆ ಬೇರೆ ಕಡೆಯ ಶಿಕ್ಷಕರು, ಬರಹಗಾರರು, ಗೃಹಿಣಿಯರು, ವಿದ್ಯಾರ್ಥಿಗಳು ಶುಲ್ಕ ಕೊಟ್ಟು ಬಂದು ಕೆಲವು ದಿನ ತಂಗಿ, ನಾಟಕ ನೋಡಿ, ಮಾತು ಕೇಳಿ, ತಾವೂ ಮಾತಾಡಿ ಹೋಗುತ್ತಾರೆ. ಅನೇಕರು ಮತ್ತೆ ಮತ್ತೆ ಬರುತ್ತಾರೆ. ಸದಸ್ಯತ್ವ ಎಂಬ ಹೆಸರು ಇಲ್ಲದಿದ್ದರೂ ವರ್ಷಕ್ಕೊಮ್ಮೆ ನವೀಕರಣವಾಗುವ ಸಂಬಂಧ ಅದೇ. ಸುಬ್ಬಣ್ಣ 2005ರಲ್ಲಿ ತೀರಿಕೊಂಡ ಮೇಲೂ ಸಂಸ್ಥೆ ನಡೆದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಸ್ಥಳೀಯ ಬದುಕಿನ ವಸ್ತುಗಳೇ ಸಂಗ್ರಹಯೋಗ್ಯ ಎಂಬ ಅರಿವು 1960ರ ದಶಕದಲ್ಲಿ ಬಲವಾಯಿತು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಿಲಿಗೆ ಹೋಗಿತ್ತು. ಪಂಪ್‌ಸೆಟ್ ಬಂದು ಏತ, ಕಪಿಲೆಗಳು ಮೂಲೆ ಸೇರುತ್ತಿದ್ದವು. ಕಿಲೋ, ಲೀಟರುಗಳು ಸೇರು, ಬಳ್ಳ, ಕೊಳಗಗಳನ್ನು ಸರಿಸಿದ್ದವು. ಬಳಕೆ ತಪ್ಪಿದ ಮೇಲೆಯೇ ವಸ್ತುವಿಗೆ ಸಂಗ್ರಹಾಲಯದ ದಾರಿ ತೆರೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭಿಸಿತು; ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಹಳ್ಳಿ ಹಳ್ಳಿ ತಿರುಗಿ ತಂದದ್ದು ಜಯಲಕ್ಷ್ಮೀ ವಿಲಾಸದಲ್ಲಿ ನೆಲೆ ಕಂಡಿತು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಚಿತ್ರಕಲಾ ಪರಿಷತ್ತಿಗೆ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನೂ ಮೈಸೂರು ಶೈಲಿಯ ಚಿತ್ರಗಳನ್ನೂ ಕೂಡಿಹಾಕಿದರು. ಆ ಪರಿಷತ್ತು ಜನರಿಗೆ ಹತ್ತಿರವಾದದ್ದು ಮಾತ್ರ ಕುಮಾರಕೃಪಾ ರಸ್ತೆಯಲ್ಲಿ ವರ್ಷದ ಆರಂಭದಲ್ಲಿ ನಡೆಯುವ ಚಿತ್ರಸಂತೆಯಿಂದ. ಗ್ಯಾಲರಿಯ ಹೊಸ್ತಿಲು ದಾಟಲು ಅಳುಕುವವರೂ ಸಂತೆಗೆ ನಿರಾತಂಕವಾಗಿ ಬರುತ್ತಾರೆ.

ಎಚ್.ಎಲ್. ನಾಗೇಗೌಡರದು ಇನ್ನೂ ದೊಡ್ಡ ಹರಹು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಜಿಲ್ಲೆ ತಾಲ್ಲೂಕುಗಳವರೆಗೂ ಅದರ ಘಟಕಗಳನ್ನು ಬೆಳೆಸಿದರು. ರಾಮನಗರದ ಹತ್ತಿರ, ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದ 15 ಎಕರೆಯಲ್ಲಿ ಜಾನಪದ ಲೋಕ 1994ರಲ್ಲಿ ತೆರೆದುಕೊಂಡಿತು. ಲೋಕಮಹಲ್, ಚಿತ್ರಕುಟೀರ, ದೊಡ್ಡಮನೆಗಳಲ್ಲಿ ಅಡುಗೆಮನೆಯ ಪಾತ್ರೆಯಿಂದ ಕೂರಿಗೆಯವರೆಗೆ, ಸೋಮನ ಮುಖದಿಂದ ಯಕ್ಷಗಾನದ ವೇಷದವರೆಗೆ ಸಾಮಗ್ರಿಯಿದೆ. ಕಲಾವಿದರು ಬಂದು ಕುಣಿಯುವ ಲೋಕೋತ್ಸವ ಇರದಿದ್ದರೆ ಅದೂ ಒಂದು ಅಚ್ಚುಕಟ್ಟಾದ ಉಗ್ರಾಣವಾಗಿಬಿಡುತ್ತಿತ್ತು.

ಇದಾದ ಮೇಲಿನ ಎರಡು ದಶಕ ಒಬ್ಬೊಬ್ಬರ ಹುಚ್ಚಿನ ಕಾಲ. ಈ ಮಾತು ಮೆಚ್ಚುಗೆಯದೇ. ಕರಾವಳಿಯಲ್ಲಿ ಭೂಸುಧಾರಣೆಯ ನಂತರ ಗುತ್ತು, ಬೀಡುಗಳೆಂಬ ಭೂಮಾಲಿಕ ಮನೆತನಗಳ ಗೇಣಿಯ ಆದಾಯ ನಿಂತು, ಕೂಡುಕುಟುಂಬಗಳು ಪಾಲಾಗಿ, ದೊಡ್ಡ ಮನೆಗಳು ಮರದ ಬೆಲೆಗೆ ಮಾರಾಟವಾಗುತ್ತಿದ್ದವು. ಮಣಿಪಾಲದ ವಿಜಯನಾಥ ಶೆಣೈ ಅಂಥ ಮನೆಗಳ ಕಂಬ, ತೊಲೆ, ಬಾಗಿಲುಗಳಿಗೆ ಗುರುತು ಹಾಕಿ ಬಿಚ್ಚಿಸಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಮೀಯಾರು, ಹರ್ಕೂರು, ಕುಂಜೂರುಗಳ ಮನೆಗಳ ಜೊತೆಗೆ ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿವೆ. ಬಂಟ್ವಾಳದಲ್ಲಿ ಇತಿಹಾಸದ ಅಧ್ಯಾಪಕ ತುಕಾರಾಮ ಪೂಜಾರಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮೂಲಕ ತುಳುವರ ದಿನಬಳಕೆಯ ಸಾಮಾನುಗಳನ್ನು ಕಾಪಿಟ್ಟರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಇನ್ನೊಂದು ದಾರಿ ಹಿಡಿದರು. ಹಳೆಯ ವಸ್ತುವಿನ ಬದಲು ಹಳ್ಳಿಯ ಕಸುಬು, ಆಟ, ಜಾತ್ರೆಗಳನ್ನೇ ಆಳೆತ್ತರದ ಶಿಲ್ಪಗಳಾಗಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್ ಶಾಲಾ ಪ್ರವಾಸಗಳ ಖಾಯಂ ನಿಲ್ದಾಣವಾಗಿದೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದ ಸಂಘಕ್ಕೆ ಸದಸ್ಯರಿರಬೇಕು, ಸರ್ವಸದಸ್ಯರ ಸಭೆ ನಡೆಯಬೇಕು, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಟ್ರಸ್ಟಿಗೆ ಇದಾವುದರ ಹಂಗಿಲ್ಲ. ಧರ್ಮದರ್ಶಿಗಳು ನಾಲ್ಕಾರು ಮಂದಿ ಇದ್ದರೆ ಸಾಕು. ಆಯುಷ್ಯವೆಲ್ಲ ಸುರಿದು ಕೂಡಿಸಿದ್ದನ್ನು ಚುನಾವಣೆಯ ಕೈಗೆ ಕೊಡಲು ಸಂಗ್ರಾಹಕ ಹೆದರಿ ಟ್ರಸ್ಟನ್ನು ಆರಿಸಿಕೊಳ್ಳುವುದು ಸಹಜ. ಆದರೆ ಅವನ ನಂತರ ನೋಡಿಕೊಳ್ಳುವ ಬಳಗವೂ ಸಿದ್ಧವಾಗಿರುವುದಿಲ್ಲ. ಇದಲ್ಲದೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳನ್ನೂ 75 ವರ್ಷ ದಾಟಿದ ಚಿತ್ರಸಹಿತ ಹಸ್ತಪ್ರತಿಗಳನ್ನೂ ನೋಂದಾಯಿಸಬೇಕು. ಮನೆಯ ಅಟ್ಟದಿಂದ ತಾಳೆಗರಿ ತಂದುಕೊಡುವವರಿಗೂ ಇಟ್ಟುಕೊಳ್ಳುವವರಿಗೂ ಈ ನಿಯಮ ತಿಳಿದಿರುವುದು ಅಪರೂಪ.

ಸಂಘಗಳ ಸ್ಥಿತಿ ಇದಕ್ಕಿಂತ ಬಹಳ ಮೇಲು ಎನ್ನುವಂತಿಲ್ಲ. ಆಜೀವ ಸದಸ್ಯತ್ವ ಒಮ್ಮೆಗೆ ಹಣ ತರುತ್ತದೆ. ಆ ಹಣ ಕಟ್ಟಡಕ್ಕೋ ಸಂಬಳಕ್ಕೋ ಹೋಗಿ ಕರಗುತ್ತದೆ. ಸದಸ್ಯ ಮಾತ್ರ ಪಟ್ಟಿಯಲ್ಲಿ ಉಳಿಯುತ್ತಾನೆ. ವರ್ಷ ವರ್ಷ ಚಂದಾ ಕೇಳಲು ಹೋಗುವ ಕಾರ್ಯಕರ್ತ ಇಲ್ಲವಾದಾಗ ಸದಸ್ಯನ ಮನೆಯ ಬಾಗಿಲನ್ನು ಸಂಸ್ಥೆ ತಟ್ಟುವುದು ಚುನಾವಣೆ ಬಂದಾಗ. ಸಾಹಿತ್ಯ ಪರಿಷತ್ತಿನ 2021ರ ಚುನಾವಣೆಯಲ್ಲಿ ಮತದಾನದ ಹಕ್ಕಿದ್ದವರು ಮೂರು ಲಕ್ಷದ ಆಸುಪಾಸು. ಪ್ರಪಂಚದ ಯಾವ ಭಾಷಾಸಂಸ್ಥೆಯೂ ಹೆಮ್ಮೆಪಡಬಹುದಾದ ಸಂಖ್ಯೆ ಅದು. ಆದರೆ ಒಂದು ತಾಲ್ಲೂಕಿನ ಉಪನ್ಯಾಸಕ್ಕೆ ಎಷ್ಟು ಕುರ್ಚಿ ಹಾಕಬೇಕೆಂಬುದನ್ನು ಆ ಸಂಖ್ಯೆ ತಿಳಿಸುವುದಿಲ್ಲ. ಕನ್ನಡದ ಸಂಸ್ಥೆಗಳಲ್ಲಿ ಸದಸ್ಯತ್ವವೆಂದರೆ ಮತದ ಹಕ್ಕು ಎಂದಾಗಿದೆ, ಕೆಲಸದಲ್ಲಿ ಪಾಲು ಎಂದಾಗಿಲ್ಲ.

ಲೇಖಕರ ಮನೆಗಳು ಸಂಗ್ರಹಾಲಯಗಳಾದದ್ದು ಪ್ರತ್ಯೇಕ ಧಾರೆ. ಕುಪ್ಪಳಿಯ ಕವಿಮನೆ, ಧಾರವಾಡದ ಬೇಂದ್ರೆ ಭವನ, ಮೈಸೂರಿನ ಆರ್.ಕೆ. ನಾರಾಯಣ್ ಮನೆಗಳಿಗೆ ಓದುಗರು ಯಾತ್ರೆಯಂತೆ ಹೋಗುತ್ತಾರೆ. 2015ರ ನವೆಂಬರಿನಲ್ಲಿ ಕುಪ್ಪಳಿಯಿಂದ ಕುವೆಂಪು ಅವರ ಪದ್ಮ ಪದಕಗಳು ಕಳುವಾದಾಗ ನಾಡೇ ತಲ್ಲಣಿಸಿತು. ಕಾಡಿನಂಚಿನ ಮನೆಯೊಂದನ್ನು ರಾತ್ರಿ ಕಾಯುವುದಕ್ಕೆ ಅಭಿಮಾನವೊಂದೇ ಸಾಲದು ಎಂಬುದು ಆಗ ಎಲ್ಲರಿಗೂ ತಿಳಿಯಿತು.

ನಗರದಲ್ಲಿ ಹೊಸ ಬಗೆಯ ಸದಸ್ಯತ್ವ ಕಾಲಿಟ್ಟದ್ದು ಈಚೆಗೆ. 2019ರಲ್ಲಿ ಜೆ.ಪಿ. ನಗರದಲ್ಲಿ ಸಂಗೀತದ ಸಂಗ್ರಹಾಲಯ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ತೆರೆದವು. ಮ್ಯಾಪ್‌ನಲ್ಲಿ ವಾರ್ಷಿಕ ಶುಲ್ಕ ಕೊಟ್ಟವರಿಗೆ ಪ್ರವೇಶ ಮತ್ತು ಕಾರ್ಯಕ್ರಮಗಳಲ್ಲಿ ಸವಲತ್ತು ಸಿಗುತ್ತದೆ. ಮತದ ಹಕ್ಕು ಇರುವುದಿಲ್ಲ. ಹಳೆಯ ಸಂಘಗಳಿಗೆ ನೇರ ವಿರುದ್ಧವಾದ ಪದ್ಧತಿ. ಅದೇ ರಸ್ತೆಯ ವೆಂಕಟಪ್ಪ ಕಲಾಶಾಲೆಗೆ ಸದಸ್ಯತ್ವವೇ ಇಲ್ಲ. ಆದರೂ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಅಗ್ಗದ ಬಾಡಿಗೆಗೆ ತಮ್ಮ ಮೊದಲ ಪ್ರದರ್ಶನ ಮಾಡಿದ ಜಾಗ ತಮ್ಮದೇ ಎಂಬ ಭಾವನೆ ರಶೀದಿ ಪುಸ್ತಕವಿಲ್ಲದೆಯೂ ಬೆಳೆದಿತ್ತು.

ಸ್ಥಳೀಯ ಚರಿತ್ರೆಯಲ್ಲಿ ಇತ್ತೀಚಿನ ಅತ್ಯುತ್ತಮ ಕೆಲಸ ನಡೆದಿರುವುದು ಸಂಗ್ರಹಾಲಯದ ಹೊರಗೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಬೆಂಗಳೂರಿನ ಸುತ್ತಲ ನೂರಾರು ಶಾಸನಗಳು ದಾಖಲಾಗಿದ್ದವು. ಶತಮಾನದೊಳಗೆ ಅವುಗಳಲ್ಲಿ ಎಷ್ಟೋ ಕಲ್ಲುಗಳು ಬಡಾವಣೆಗಳ ಅಡಿಪಾಯ ಸೇರಿದವು. ಹವ್ಯಾಸಿ ಶಾಸನಾಸಕ್ತ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ವಾರಾಂತ್ಯಗಳಲ್ಲಿ ಹಳೆಯ ಸಂಪುಟ ಹಿಡಿದು ಬಡಾವಣೆ ಬಡಾವಣೆ ತಿರುಗಿ ಉಳಿದ ಕಲ್ಲುಗಳನ್ನು ಹುಡುಕಿದರು. 2021ರಿಂದ ಮಿಥಿಕ್ ಸೊಸೈಟಿ ಈ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿದೆ. ಕಲ್ಲು ಕಳೆದರೂ ಅಕ್ಷರ ಉಳಿಯುತ್ತದೆ. ನೂರು ವರ್ಷದ ಸದಸ್ಯರ ಸಂಸ್ಥೆ ಮತ್ತು ಸದಸ್ಯತ್ವವೇ ಇಲ್ಲದ ಹವ್ಯಾಸಿಗಳ ಗುಂಪು ಕೈಜೋಡಿಸಿದ್ದು ಇಲ್ಲಿ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು 750ರಲ್ಲಿ, ಹೋರಾಡಿ ಮಡಿದ ಕಿತ್ತಯ್ಯ ಎಂಬವನ ಶಾಸನ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು. ಅದನ್ನು ಸರ್ಕಾರಿ ಸಂಗ್ರಹಾಲಯಕ್ಕೆ ಸಾಗಿಸಲಿಲ್ಲ. ಹೆಬ್ಬಾಳದವರೂ ಶಾಸನಾಸಕ್ತರೂ ಸೇರಿ ಊರಿನಲ್ಲೇ ಅದಕ್ಕೊಂದು ಕಲ್ಲಿನ ಮಂಟಪ ಕಟ್ಟಿಸಿದರು. ಕಿತ್ತಯ್ಯ ಈಗ ಅಲ್ಲಿದ್ದಾನೆ.