ಇಲಿ ಬಿದ್ದ ಮನೆಯ ಮಕ್ಕಳು

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆಯ ಪಾಠ ಹೇಳಿದವನು ನಾನು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಸಂಗತಿಯನ್ನು ವರ್ಷ ವರ್ಷವೂ ಹುಡುಗರಿಗೆ ಹೇಳಿದ್ದೇನೆ. ಆ ವರ್ಷದ ಆಗಸ್ಟಿನಲ್ಲಿ ರೋಗವು ಹುಬ್ಬಳ್ಳಿಯ ಕಡೆಯಿಂದ ರೈಲಿನ ದಾರಿ ಹಿಡಿದು ಊರನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬಿತು. ಅದರ ಫಲವಾಗಿ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುವು. ಕೆಲವು ವರ್ಷಗಳ ಮೇಲೆ ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು. ಪೇಟೆ, ದಂಡು ಎರಡೂ ಸೇರಿ ೧೮೯೧ರ ಜನಗಣತಿಯಲ್ಲಿ ೧,೮೦,೩೬೬ ಜನರಿದ್ದ ಬೆಂಗಳೂರಿನಲ್ಲಿ ೧೯೦೧ರ ವೇಳೆಗೆ ಇದ್ದವರು ೧,೫೯,೦೪೬ ಜನ. ಕರಿಹಲಗೆಯ ಮೇಲೆ ಈ ಎರಡು ಅಂಕಿಗಳನ್ನು ಬರೆದು ಕಳೆಯುವ ಲೆಕ್ಕ ಮಾಡಿಸುತ್ತಿದ್ದೆ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಎರಡು ಮಾತು ಆಡುತ್ತಿದ್ದೆ. ಲೆಕ್ಕ ಮುಗಿಯುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು; ಪಾಠವೂ ಮುಗಿಯುತ್ತಿತ್ತು.

ಆ ಪಾಠದಲ್ಲಿ ಮಕ್ಕಳ ಮಾತು ಎಲ್ಲಿಯೂ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ, ನಾನೂ ಹೇಳಲಿಲ್ಲ. ಆ ಪ್ಲೇಗನ್ನು ಮಗುವಾಗಿ ಕಂಡವರೊಬ್ಬರು ನಮ್ಮ ಮನೆಯಲ್ಲಿಯೇ ಇದ್ದರು. ಅವರು ನನ್ನ ಅಜ್ಜಿ, ತಂದೆಯ ತಾಯಿ.

ಆಗ ಅಜ್ಜಿಗೆ ಎಂಟು ವರ್ಷ. ಬಳೇಪೇಟೆಯ ಹತ್ತಿರದ ಒಂದು ಓಣಿಯಲ್ಲಿ ಅವರ ಮನೆ. ಇಲಿ ಬಿದ್ದ ಮನೆಯನ್ನು ಬಿಡಬೇಕೆಂಬುದು ಮಕ್ಕಳಿಗೂ ತಿಳಿದಿದ್ದ ಕಾಲ. ಪಕ್ಕದ ಮನೆಯವರು ಪಾತ್ರೆಪಡಗಗಳನ್ನು ಗಾಡಿಗೆ ಹೇರಿಕೊಂಡು ಊರಾಚೆಯ ಶೆಡ್ಡಿಗೆ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಒಂದು ಬೆಳಗ್ಗೆ ಹಿತ್ತಲಿನ ಸೌದೆ ಒಟ್ಟಿಲ ಹಿಂದೆ ಸತ್ತ ಇಲಿಯೊಂದು ಕಣ್ಣಿಗೆ ಬಿತ್ತು. ಒಳಗೆ ತಾಯಿ ತುಂಬಿದ ಬಸುರಿ. ಮನೆ ಬಿಟ್ಟರೆ ಅಮ್ಮನ ಗತಿಯೇನೆಂದು ಆ ಮಗುವಿಗೆ ದಿಗಿಲಾಯಿತಂತೆ. ಒಡೆದ ಮಡಕೆಯ ಚೂರಿನಿಂದ ಇಲಿಯನ್ನು ಎತ್ತಿ, ಬಚ್ಚಲ ಹಿಂದಿನ ಬೂದಿಗುಂಡಿಯಲ್ಲಿ ಮುಚ್ಚಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಐದಾರು ದಿನಕ್ಕೆ ತಮ್ಮನಿಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ನಾಲ್ಕು ವರ್ಷದ ಹುಡುಗ ಉಳಿಯಲಿಲ್ಲ.

ಈ ಮಾತನ್ನು ಅಜ್ಜಿ ನನಗೆ ಹೇಳಿದ್ದು ೧೯೬೪ರಲ್ಲಿ. ಹೆತ್ತ ತಾಯಿಗೆ ಹೇಳಿರಲಿಲ್ಲ, ಕೈಹಿಡಿದ ಗಂಡನಿಗೂ ಹೇಳಿರಲಿಲ್ಲ. “ನಾನು ಬಾಯಿಬಿಟ್ಟಿದ್ದಿದ್ರೆ ಅವನು ಇರ್ತಿದ್ನೇನೋ ಕಣೋ” ಎಂದಳು. ಅರವತ್ತಾರು ವರ್ಷ ಆಕೆ ಆ ಇಲಿಯನ್ನು ಎದೆಯಲ್ಲಿ ಇಟ್ಟುಕೊಂಡಿದ್ದಳು. ನನಗಾಗ ಹದಿನಾಲ್ಕು ವರ್ಷ. ಏನು ಹೇಳಬೇಕೆಂದು ತೋರಲಿಲ್ಲ. “ಬಿಡಜ್ಜಿ, ಹಳೇ ಕಥೆ” ಎಂದು ಆಡಲು ಹೋದೆ.

ಆ ಕಾಲದ ದೊಡ್ಡವರಿಗಾದರೂ ಎಷ್ಟು ತಿಳಿದಿತ್ತು? ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಕಾಂಗಿನಲ್ಲಿ ಕಂಡುಹಿಡಿದದ್ದು ೧೮೯೪ರಲ್ಲಿ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ಮುಟ್ಟಿಸುತ್ತದೆಂದು ಸಿಮೋಂಡ್ ಎಂಬಾತ ಕರಾಚಿಯಲ್ಲಿ ಕಂಡುಕೊಂಡದ್ದು ೧೮೯೮ರಲ್ಲಿಯೇ. ಅದನ್ನು ವಿದ್ವಾಂಸರು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿ ಸತ್ತು ಬೀಳುವ ಹೊತ್ತಿಗೆ ಚಿಗಟ ಅದರ ಮೈಬಿಟ್ಟು ಬೇರೆ ಮೈ ಹುಡುಕಿ ಹೊರಟಿರುತ್ತದೆ. ಇಲಿಯನ್ನು ಮುಚ್ಚಿಟ್ಟುದರಿಂದಲೇ ತಮ್ಮ ಸತ್ತನೆಂದು ಯಾವ ವೈದ್ಯನೂ ಹೇಳಲಾರ. ಅದಂತಿರಲಿ, ಬಚ್ಚಿಡುವುದನ್ನು ಆ ಮಗುವಿಗೆ ಕಲಿಸಿದವರು ಯಾರು? ಮನೆ ಮನೆಗೆ ತಪಾಸಣೆಯವರು ಬರುತ್ತಿದ್ದರು. ರೋಗಿಗಳನ್ನು ಬೇರೆ ಕಡೆಗೆ ಸಾಗಿಸುತ್ತಿದ್ದರು. ಅದಕ್ಕೆ ಹೆದರಿ ಜನ ಜ್ವರದವರನ್ನು ಒಳಕೋಣೆಯಲ್ಲಿ ಅಡಗಿಸುತ್ತಿದ್ದರು. ನಿಜ ಹೇಳಿದರೆ ಮನೆ ಹೋಗುತ್ತದೆ ಎಂಬ ಭಯ ದೊಡ್ಡವರದು. ಮಗು ಅದನ್ನು ಅವರ ಮುಖದಲ್ಲಿ ಓದಿಕೊಂಡಿತು.

ಅಂದು ‘ಊರಾಚೆ’ ಎನ್ನಿಸಿಕೊಂಡ ನೆಲದಲ್ಲಿ ಇಂದು ನಾವು ವಾಸವಾಗಿದ್ದೇವೆ. ನಾನು ಮಗನ ಜೊತೆಯಲ್ಲಿರುವುದು ವೈಟ್‌ಫೀಲ್ಡಿನಲ್ಲಿ, ಹನ್ನೊಂದನೆಯ ಮಹಡಿಯ ಮೇಲೆ. ಮೈಸೂರು ಮಹಾರಾಜರು ಕೊಟ್ಟ ಸುಮಾರು ೩,೯೦೦ ಎಕರೆ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ೧೮೮೨ರಲ್ಲಿ ಹುಟ್ಟಿದ ಊರು ಇದು. ಪ್ಲೇಗಿನ ವರ್ಷದಲ್ಲಿ ಅದಕ್ಕೆ ಹದಿನಾರು ವಯಸ್ಸು. ಎಲೆಕ್ಟ್ರಾನಿಕ್ ಸಿಟಿಯಾಗಲಿ ಪೀಣ್ಯದ ಕಾರ್ಖಾನೆಗಳಾಗಲಿ ತಲೆಯೆತ್ತಿದ್ದು ೧೯೭೦ರ ದಶಕದ ಈಚೆಗೆ. ಪೇಟೆಯ ಜನ ರೋಗಕ್ಕೆ ಹೆದರಿ ಬಯಲಿಗೆ ಬಂದರೆ, ಅವರ ಮರಿಮಕ್ಕಳು ಕೆಲಸ ಹುಡುಕಿಕೊಂಡು ಬಯಲಿಗೆ ಬಂದರು. ಇಲ್ಲಿಗೂ ರೋಗ ಬಂತು.

೨೦೨೦ರ ಮಾರ್ಚ್ ತಿಂಗಳು ಓದುಗರಿಗೆ ಮರೆತಿರಲಾರದು. ೯ನೆಯ ತಾರೀಖು ರಾಜ್ಯದ ಮೊದಲ ಕೊರೋನಾ ರೋಗಿಯ ಸುದ್ದಿ. ಆ ವಾರದಲ್ಲೇ ಬೆಂಗಳೂರಿನ ಚಿಕ್ಕಮಕ್ಕಳ ಶಾಲೆಗಳು ಮುಚ್ಚಿದುವು. ೨೫ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ೨೭ಕ್ಕೆ ಆರಂಭವಾಗಬೇಕಿದ್ದ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಮುಂದಕ್ಕೆ ಹೋಗಿ, ಜೂನ್ ೨೫ರಿಂದ ಜುಲೈ ಮೊದಲ ವಾರದವರೆಗೆ ನಡೆಯಿತು. ಸುಮಾರು ಎಂಟೂವರೆ ಲಕ್ಷ ಮಕ್ಕಳು ಮೂರು ತಿಂಗಳು ಅದೇ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು.

ಪೀಣ್ಯದ ಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೇಷ್ಟರಾಗಿದ್ದಾನೆ. ಆತನ ಮಕ್ಕಳಲ್ಲಿ ಹೆಚ್ಚಿನವರು ಗಾರ್ಮೆಂಟ್ಸಿಗೂ ಲೇತ್ ಕಾರ್ಖಾನೆಗಳಿಗೂ ಹೋಗುವವರ ಮಕ್ಕಳು. ವಠಾರದ ಒಂದು ಕೋಣೆಯಲ್ಲಿ ಐದು ಜನ, ಇರುವ ಫೋನು ಒಂದೇ. ಪರೀಕ್ಷೆಯ ದಿನ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರು. ಜ್ವರವಿದ್ದವರಿಗೆ ಬೇರೆ ಕೋಣೆಯಲ್ಲಿ ಬರೆಯಲು ಏರ್ಪಾಡಿತ್ತು. ಆದರೂ ಒಬ್ಬ ಹುಡುಗ ಗೇಟಿನಾಚೆ ನಿಂತು ಬಾಟಲಿಯ ನೀರನ್ನೆಲ್ಲ ಹಣೆಗೆ ಸುರಿದುಕೊಳ್ಳುತ್ತಿದ್ದುದನ್ನು ಮೇಷ್ಟರು ಕಂಡರು. ಜ್ವರವೇನೂ ಇರಲಿಲ್ಲ. “ಬಿಸಿಲಲ್ಲಿ ನಡೆದು ಬಂದಿದ್ದೀನಿ ಸಾರ್. ಯಂತ್ರ ತಪ್ಪು ತೋರಿಸಿದರೆ ಅಪ್ಪನ್ನೂ ಕರ್ಕೊಂಡು ಹೋಗ್ತಾರೆ” ಎಂದನಂತೆ. ಅಪ್ಪನಿಗೆ ಎರಡು ತಿಂಗಳ ಮೇಲೆ ಆಗಷ್ಟೇ ಕೆಲಸ ಸಿಕ್ಕಿತ್ತು. ಅಜ್ಜಿಯ ಇಲಿ ನನಗೆ ನೆನಪಾದದ್ದು ಈ ಮಾತನ್ನು ಕೇಳಿದಾಗ.

ಅದೇ ತುಮಕೂರು ರಸ್ತೆಯಲ್ಲಿ, ಮಾದಾವರದ ವಸ್ತುಪ್ರದರ್ಶನ ಭವನದ ಬಳಿ, ಆ ಮೇ ತಿಂಗಳಲ್ಲಿ ಹೊರರಾಜ್ಯದ ಕೂಲಿಕಾರರು ಊರಿಗೆ ಹೋಗುವ ರೈಲಿಗಾಗಿ ಬಂದು ಸೇರಿದ್ದರು. ರೈಲುಗಳನ್ನು ಒಮ್ಮೆ ನಿಲ್ಲಿಸಿದರು, ಮತ್ತೆ ಬಿಟ್ಟರು. ತಂದೆತಾಯಿಗಳ ಗಂಟಿನ ಮೇಲೆ ಕುಳಿತ ಮಕ್ಕಳಿಗೆ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಜಾಗವಿತ್ತೋ ಕಾಣೆ. ಜುಲೈಯಲ್ಲಿ ಅದೇ ಭವನವನ್ನು ಹತ್ತು ಸಾವಿರ ಹಾಸಿಗೆಗಳ ಆರೈಕೆ ಕೇಂದ್ರವೆಂದು ಸಿದ್ಧಗೊಳಿಸಿದರು. ಹಾಸಿಗೆಗಳ ಸಂಖ್ಯೆ ಎಲ್ಲ ಪತ್ರಿಕೆಗಳಲ್ಲಿಯೂ ಬಂತು.

ಇನ್ನು ನಮ್ಮ ಮನೆಯ ಮಾತು. ಮೊಮ್ಮಗನಿಗೆ ಆಗ ಹತ್ತು ವರ್ಷ. ಅವನಿಗೆ ಬೇರೆ ಕೋಣೆ, ಬೇರೆ ಕಂಪ್ಯೂಟರು, ತರಗತಿ ತಪ್ಪಲಿಲ್ಲ. ಇಷ್ಟಿರುವಾಗ ಮಗುವಿಗೆ ಏನು ಕೊರತೆ ಎಂದು ನಾವು ತಿಳಿದೆವು. ಅರವತ್ತೈದು ದಾಟಿದವರು ಹೊರಗೆ ಹೋಗಬಾರದೆಂದು ಸರ್ಕಾರ ಹೇಳಿತ್ತು. ಮಕ್ಕಳಿಂದ ಮುದುಕರಿಗೆ ರೋಗ ಹತ್ತುತ್ತದೆಂದು ಟಿ.ವಿ. ಹಗಲಿರುಳು ಸಾರುತ್ತಿತ್ತು. “ತಾತನ ಹತ್ತಿರ ಹೋಗಬೇಡ” ಎಂದು ಸೊಸೆ ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ನನ್ನ ಮೇಲಿನ ಪ್ರೀತಿಯಿಂದಲೇ ಗದರುತ್ತಿದ್ದಳು.

೨೦೨೧ರ ಏಪ್ರಿಲಿನಲ್ಲಿ ಎರಡನೆಯ ಅಲೆ ಎದ್ದಿತು. ಆಂಬುಲೆನ್ಸಿನ ಕೂಗು ರಾತ್ರಿಯೆಲ್ಲ ಹನ್ನೊಂದನೆಯ ಮಹಡಿಗೂ ಕೇಳಿಸುತ್ತಿತ್ತು. ತಿಂಗಳ ಕೊನೆಗೆ ನನಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೊರೋನಾ ಎಂದಾಯಿತು. ಹನ್ನೆರಡು ದಿನ ಕೋಣೆಯೊಳಗಿದ್ದು ಎದ್ದುಬಂದೆ. ಮನೆಯವರೆಲ್ಲ ದೇವರಿಗೆ ಕೈಮುಗಿದರು. ಆದರೆ ಹುಡುಗ ಬದಲಾಗಿದ್ದ. ಊಟಕ್ಕೆ ಮೊದಲು ನಾಲ್ಕು ಸಲ, ಊಟವಾದ ಮೇಲೆ ನಾಲ್ಕು ಸಲ ಕೈತೊಳೆಯುತ್ತಿದ್ದ. ಬೆರಳ ಸಂದಿಗಳು ಒಡೆದು ರಕ್ತ ಜಿನುಗುತ್ತಿತ್ತು. ರಾತ್ರಿ ನನ್ನ ಕೋಣೆಯ ಬಾಗಿಲಾಚೆ ನಿಂತು ಉಸಿರಾಟವನ್ನು ಆಲಿಸುತ್ತಿದ್ದನೆಂದು ಅವನ ತಾಯಿ ಆಮೇಲೆ ಹೇಳಿದಳು. ‘ಚೊಕ್ಕಟ ಕಲಿತಿದ್ದಾನೆ’ ಎಂದು ನಾವು ಮೆಚ್ಚಿಕೊಂಡೆವು!

ಸೆಪ್ಟೆಂಬರ್ ೬ಕ್ಕೆ ಆರರಿಂದ ಎಂಟನೆಯ ತರಗತಿಯವರಿಗೆ ಶಾಲೆ ತೆರೆಯಿತು. ಹುಡುಗ ಹೋಗಲೊಲ್ಲ. ಹೊಟ್ಟೆನೋವೆಂದ, ತಲೆನೋವೆಂದ. ಸೋಮಾರಿತನವೆಂದು ಮಗ ರೇಗಿದ. ಆ ರಾತ್ರಿ ನಾನು ಅವನ ಪಕ್ಕದಲ್ಲಿ ಕುಳಿತು, ಬೇರೇನೂ ತೋಚದೆ, ನನ್ನ ಅಜ್ಜಿಯ ಇಲಿಯ ಕಥೆ ಹೇಳಿದೆ. ಕಥೆ ಮುಗಿಯಿತು. ಬಹಳ ಹೊತ್ತಿನ ಮೇಲೆ ಅವನು ಗೋಡೆಯ ಕಡೆ ತಿರುಗಿಕೊಂಡೇ, “ತಾತ, ನಿಮಗಿಂತ ಮೊದಲು ನಂಗೆ ಕೆಮ್ಮು ಬಂದಿತ್ತು. ನಾನು ಹೇಳಲಿಲ್ಲ” ಎಂದ.

ಐದು ತಿಂಗಳು ಅವನೂ ಒಂದು ಇಲಿಯನ್ನು ಬೂದಿಯಲ್ಲಿ ಮುಚ್ಚಿಟ್ಟಿದ್ದ. ನಾನು ಎರಡನೆಯ ಚುಚ್ಚುಮದ್ದಿಗಾಗಿ ಮೂರು ಗಂಟೆ ಸಾಲಿನಲ್ಲಿ ನಿಂತಿದ್ದೆನೆಂದೂ, ತರಕಾರಿಯವನೊಡನೆ ಮುಖಗವಸು ಇಳಿಸಿ ಜಗಳವಾಡಿದ್ದೆನೆಂದೂ, ರೋಗ ಎಲ್ಲಿಂದ ಬಂತೆಂದು ಯಾರೂ ಹೇಳಲಾರರೆಂದೂ ವಿವರಿಸಿದೆ. ನಂಬಿದನೋ ಇಲ್ಲವೋ, ಅತ್ತ. ಮಾರನೆಯ ವಾರ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಕೈ ಮಾಯಲು ಒಂದು ತಿಂಗಳು ಹಿಡಿಯಿತು. ಉಳಿದದ್ದಕ್ಕೆ ವರ್ಷವೇ ಬೇಕಾಯಿತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ೨೦೨೧ರಲ್ಲಿ ವೈದ್ಯ ಸಂಶೋಧಕರು ನಾನಾ ದೇಶಗಳ ೨೯ ಅಧ್ಯಯನಗಳಿಂದ ಸುಮಾರು ಎಂಬತ್ತೊಂದು ಸಾವಿರ ಮಕ್ಕಳ ವಿವರವನ್ನು ಒಟ್ಟುಗೂಡಿಸಿದರು. ಐವರಲ್ಲಿ ಒಬ್ಬರಿಗೆ ಚಿಕಿತ್ಸೆಯ ಗಮನ ಬೇಕಾಗುವಷ್ಟು ಆತಂಕವಿತ್ತೆಂದು ಕಂಡುಬಂತು; ರೋಗಕ್ಕೆ ಮೊದಲು ಇದ್ದುದಕ್ಕೆ ಇದು ಹೆಚ್ಚುಕಡಿಮೆ ಎರಡರಷ್ಟು. ನಮ್ಮ ನಾಡಿನಲ್ಲಿ ಒಂದರಿಂದ ಐದರವರೆಗಿನ ಮಕ್ಕಳು ಮತ್ತೆ ತರಗತಿಯಲ್ಲಿ ಕುಳಿತದ್ದು ೨೦೨೧ರ ಅಕ್ಟೋಬರ್ ೨೫ರಂದು, ಹತ್ತೊಂಬತ್ತು ತಿಂಗಳ ಮೇಲೆ. ಅಷ್ಟು ದಿನ ಅವರು ಯಾರೊಡನೆ ಜಗಳವಾಡಿದರು, ಯಾರ ಕಿವಿಯಲ್ಲಿ ಗುಟ್ಟು ಹೇಳಿದರು? ಪ್ಲೇಗಿನ ಶೆಡ್ಡಿನಲ್ಲಿ ಅಜ್ಜಿಗೆ ಓಣಿಯ ಮಕ್ಕಳೆಲ್ಲ ಜೊತೆಗಿದ್ದರು; ಹುಣಸೆಮರದ ಕೆಳಗೆ ಕುಂಟಾಬಿಲ್ಲೆ ಆಡಿದ್ದನ್ನೂ ಆಕೆ ಹೇಳುತ್ತಿದ್ದಳು. ಆದರೂ ಆಕೆಯ ಗುಟ್ಟು ಹೊರಬೀಳಲಿಲ್ಲ. ಜೊತೆಗಾರರೂ ಇಲ್ಲದ ನಮ್ಮ ಮಕ್ಕಳ ಪಾಡನ್ನು ಕೇಳಬೇಕೆ?

ಒಂದು ಮಾತು ಮಾತ್ರ ಅಂದಿಗಿಂತ ಇಂದು ವಾಸಿ. ಆಗ ಮಗುವಿನ ದಿಗಿಲಿಗೆ ತಾಯಿತ ಕಟ್ಟಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ. ಕೊರೋನಾ ಬಂದ ವಸಂತದಲ್ಲಿಯೇ ನಮ್ಮ ನಿಮ್ಹಾನ್ಸ್ ಸಂಸ್ಥೆ ಫೋನಿನ ಮೇಲೆ ಜನರ ದುಗುಡ ಕೇಳಲು ಆರಂಭಿಸಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ದೇಶಕ್ಕೆಲ್ಲ ೧೪೪೧೬ ಎಂಬ ಒಂದೇ ಸಂಖ್ಯೆಯನ್ನು ಕೊಟ್ಟಿತು. ಅದರ ತಾಂತ್ರಿಕ ನೆರವು ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐ.ಐ.ಐ.ಟಿ. ಸಂಸ್ಥೆಯದು. ಅಂದಿನ ಊರಾಚೆಯ ಬಯಲಿನಿಂದ ಇಂಥದೊಂದು ಉಪಕಾರವೂ ಆಯಿತೆಂಬುದು ಸಂತೋಷದ ಸಂಗತಿ. ಆದರೆ ಫೋನು ಮಾಡಬೇಕೆಂದು ಹಿರಿಯರಿಗೆ ತೋರಬೇಕಾದರೆ, ಒಡೆದ ಬೆರಳನ್ನು ನೋಡಿ ಚೊಕ್ಕಟವೆಂದು ಮೆಚ್ಚುವುದನ್ನು ಅವರು ಮೊದಲು ಬಿಡಬೇಕು. ಕೆಮ್ಮು ಬಂತೆಂದು ಮಗು ಬಂದು ಹೇಳಿದರೆ ಮನೆಯಲ್ಲಿ ಗದರಿಕೆ ಕೇಳಬಾರದು.

ಹುಡುಗನಿಗೆ ಈಗ ಮೀಸೆ ಚಿಗುರಿದೆ. ಕಾಲೇಜಿನಿಂದ ಬಂದು ಬ್ಯಾಗು ಎಸೆದು ಆಡಲು ಓಡುತ್ತಾನೆ. ಆ ರಾತ್ರಿ ಅತ್ತು ಸಮಾಧಾನವಾದ ಮೇಲೆ ಅವನು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

“ನಿಮ್ಮಜ್ಜಿಗೆ ಯಾರಾದ್ರೂ ಹೇಳಿದ್ರಾ ತಾತ, ಅದು ನಿನ್ನ ತಪ್ಪಲ್ಲ ಅಂತ?”

ಇಲ್ಲವೆಂದೆ. ಹೇಳಬಹುದಾಗಿದ್ದವನು ನಾನೊಬ್ಬನೇ, ೧೯೬೪ರಲ್ಲಿ ನಾನು ಆಡಲು ಓಡಿದ್ದೆ.