ಕರವಸ್ತ್ರದ ತುದಿಯ ಚಾಕು: ಗಾಲ್ಫ್ ಕಲಿಕೆಯ ಇತಿಹಾಸದಿಂದ ಒಬ್ಬ ಮೇಷ್ಟ್ರು ಕಲಿತದ್ದು



ಈ ಬಾರಿಯ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಮೂವತ್ತನಾಲ್ಕು ವರ್ಷ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಬೋಧಿಸಿದ, ಆಟದ ಪೀರಿಯಡ್ಡಿನಲ್ಲಿಯೂ ಮರದ ನೆರಳಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ ಈ ಮೇಷ್ಟ್ರಿಗೆ ಗಾಲ್ಫ್ ಆಟದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದದ್ದು ಜೀವಮಾನದಲ್ಲಿ ಒಂದೇ ಒಂದು ಸಲ. ಆದರೆ ಆ ದಿನ ಕೇಳಿದ ಒಂದು ಮಾತು ನನ್ನನ್ನು ಕೆಲವು ತಿಂಗಳುಗಳ ಕಾಲ ಈ ಆಟದ ಇತಿಹಾಸವನ್ನು ಓದುವಂತೆ ಮಾಡಿತು.

ನಡೆದದ್ದು ಇಷ್ಟು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ನನ್ನನ್ನು ತನ್ನ ಕಾರಿನಲ್ಲಿ ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದ. ಆರು ತಿಂಗಳಿಂದ ಕಲಿಯುತ್ತಿದ್ದನಂತೆ. ಚೆಂಡಿನ ಮುಂದೆ ನಿಂತು, ತನ್ನ ತರಬೇತುದಾರ ಹೇಳಿಕೊಟ್ಟದ್ದನ್ನೆಲ್ಲ ನನಗೆ ಸೂತ್ರದಂತೆ ಒಪ್ಪಿಸಿದ: ತಲೆ ಅಲುಗಬಾರದು, ಎಡಗೈ ನೆಟ್ಟಗಿರಬೇಕು, ಮೊಣಕಾಲು ತುಸು ಬಾಗಿರಬೇಕು, ಮೈಭಾರ ಬಲಗಾಲಿನಿಂದ ಎಡಗಾಲಿಗೆ ಸರಿಯಬೇಕು. ಬಳಿಕ ಕೋಲನ್ನು ಬೀಸಿದ. ಚೆಂಡು ನಾಲ್ಕು ಮಾರು ಉರುಳಿ ನಿಂತಿತು.

ಅವನು ನಕ್ಕು ಹೇಳಿದ: "ಸರ್, ಎಂಟನೇ ಕ್ಲಾಸಿನಲ್ಲಿ ನೀವು ನನ್ನ ಕೈಲಿ ಪಾಠ ಓದಿಸ್ತಿದ್ದಿರಲ್ಲ, ಥೇಟ್ ಹಾಗೇ ಆಗುತ್ತೆ ನೋಡಿ. ಒಂದೊಂದು ಪದಕ್ಕೂ ನಿಲ್ಲಿಸಿ ತಿದ್ದುತ್ತಿದ್ದಿರಿ. ಮುಂದಿನ ಪದ ಕಣ್ಣೆದುರಿಗೇ ಇರ್ತಿತ್ತು, ಬಾಯಿಗೆ ಮಾತ್ರ ಬರ್ತಿರಲಿಲ್ಲ."

ಅವನ ಮಾತಿನಲ್ಲಿ ಎಳ್ಳಷ್ಟೂ ದೂರಿರಲಿಲ್ಲ. ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇರಲಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಇತಿಹಾಸ.

ಗಾಲ್ಫ್ ಆಟದ ತವರು ಸ್ಕಾಟ್ಲೆಂಡ್. ಅಲ್ಲಿನ ದಾಖಲೆಗಳಲ್ಲಿ ಈ ಆಟದ ಹೆಸರು ಮೊದಲು ಕಾಣಿಸಿಕೊಳ್ಳುವುದು ಹೊಗಳಿಕೆಯಲ್ಲಲ್ಲ, ನಿಷೇಧದಲ್ಲಿ. 1457ರಲ್ಲಿ ದೊರೆ ಎರಡನೇ ಜೇಮ್ಸ್‌ನ ಕಾಲದ ಸಂಸತ್ತು ಫುಟ್‌ಬಾಲ್ ಮತ್ತು ಗಾಲ್ಫ್ ಎರಡನ್ನೂ ನಿಲ್ಲಿಸಬೇಕೆಂದು ಶಾಸನ ಮಾಡಿತು. ಕಾರಣ ಸರಳ: ನೆರೆಯ ಇಂಗ್ಲೆಂಡಿನೊಡನೆ ಹಗೆತನವಿದ್ದ ಕಾಲವದು. ಯುವಕರು ಬಿಲ್ವಿದ್ಯೆ ಅಭ್ಯಸಿಸುವುದನ್ನು ಬಿಟ್ಟು ಆಟವಾಡುತ್ತ ಕುಳಿತರೆ ರಾಜ್ಯದ ಗತಿ ಏನು? 1471ರಲ್ಲಿ ಮತ್ತೊಮ್ಮೆ, 1491ರಲ್ಲಿ ಮಗುದೊಮ್ಮೆ ಅದೇ ನಿಷೇಧ ಹೊರಟಿತು. ಒಂದೇ ಆಜ್ಞೆಯನ್ನು ಮೂರು ಸಲ ಹೊರಡಿಸಬೇಕಾಯಿತೆಂದರೆ ಜನ ಅದನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂಬುದನ್ನು ಇತಿಹಾಸದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ವಾರಸ್ಯವೆಂದರೆ, 1491ರ ನಿಷೇಧ ಹೊರಟದ್ದು ಯಾವ ನಾಲ್ಕನೇ ಜೇಮ್ಸ್‌ನ ಆಳ್ವಿಕೆಯಲ್ಲೋ ಅದೇ ದೊರೆ, ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದವಾದ 1502ರಲ್ಲಿ, ಪರ್ತ್ ಪಟ್ಟಣದ ಒಬ್ಬ ಬಿಲ್ಲು ತಯಾರಕನಿಂದ ತನಗಾಗಿ ಗಾಲ್ಫ್ ಕೋಲುಗಳನ್ನು ಕೊಂಡ! ಬಿಲ್ಲು ಬಗ್ಗಿಸುತ್ತಿದ್ದ ಕೈಯೇ ಆಟದ ಕೋಲನ್ನೂ ಕೆತ್ತಿತು.

1744ರಲ್ಲಿ ಎಡಿನ್‌ಬರೋ ಬಳಿಯ ಲೀತ್‌ನಲ್ಲಿ ಆಡುತ್ತಿದ್ದವರು ಹದಿಮೂರು ನಿಯಮಗಳನ್ನು ಬರೆದಿಟ್ಟರು. ಇಂದು ಉಳಿದಿರುವ ಗಾಲ್ಫ್ ನಿಯಮಾವಳಿಗಳಲ್ಲಿ ಇದೇ ಅತ್ಯಂತ ಹಳೆಯದು. 1764ರಲ್ಲಿ ಸೇಂಟ್ ಆ್ಯಂಡ್ರೂಸ್‌ನ ಆಟಗಾರರು ಮೊದಲಿನ ನಾಲ್ಕು ಕುಳಿಗಳನ್ನು ಎರಡಕ್ಕೆ ಇಳಿಸಿದರು. ಹೋಗುವಾಗಲೂ ಬರುವಾಗಲೂ ಅವೇ ಕುಳಿಗಳನ್ನು ಆಡುತ್ತಿದ್ದುದರಿಂದ 22 ಇದ್ದದ್ದು 18 ಆಯಿತು. ಇಂದು ಜಗತ್ತೆಲ್ಲ ಒಪ್ಪಿರುವ ಸಂಖ್ಯೆ ಅದೇ.

ಇಷ್ಟೊಂದು ಹಟದಿಂದ ಜನ ಈ ಆಟಕ್ಕೆ ಅಂಟಿಕೊಂಡದ್ದೇಕೆ? ಉಳಿದ ಚೆಂಡಾಟಗಳಲ್ಲಿ ಚೆಂಡನ್ನು ಎದುರಾಳಿ ನಮ್ಮ ಕಡೆಗೆ ಕಳಿಸುತ್ತಾನೆ. ಸೋತರೆ ಅವನ ಚಮತ್ಕಾರವನ್ನು ಹೊಣೆ ಮಾಡಬಹುದು. ಗಾಲ್ಫ್‌ನಲ್ಲಿ ಚೆಂಡು ನಮ್ಮ ಕಾಲ ಬಳಿ ಸುಮ್ಮನೆ ಬಿದ್ದಿರುತ್ತದೆ. ಯಾರೂ ನಮ್ಮನ್ನು ತಡೆಯುವುದಿಲ್ಲ, ಅವಸರ ಪಡಿಸುವುದಿಲ್ಲ. ಹೀಗಿದ್ದೂ ಹೊಡೆತ ತಪ್ಪಿದರೆ ತಪ್ಪು ನಮ್ಮದೇ. ನೂರು ಹೊಡೆತಗಳಲ್ಲಿ ಒಂದು, ಕೈಗೆ ಭಾರವೇ ತಿಳಿಯದಂತೆ ಸಾಗಿ ಚೆಂಡನ್ನು ಆಕಾಶಕ್ಕೆ ಏರಿಸುತ್ತದೆ. ಆ ಒಂದು ಹೊಡೆತದ ನೆನಪು ಮನುಷ್ಯನನ್ನು ಮರುದಿನ ಮತ್ತೆ ಮೈದಾನಕ್ಕೆ ಎಳೆದುಕೊಂಡು ಬರುತ್ತದೆ. ಇದಲ್ಲದೆ, ದುರ್ಬಲ ಆಟಗಾರನಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಡುವ ಪದ್ಧತಿ ಇರುವುದರಿಂದ ಅಜ್ಜನೂ ಮೊಮ್ಮಗನೂ ಜೊತೆಯಾಗಿ ಸ್ಪರ್ಧಿಸಬಲ್ಲ ಆಟವಿದು.

ಚೆಂಡಿನ ಚರಿತ್ರೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಮೊದಲು ಬೇಯಿಸಿದ ಹಕ್ಕಿಗರಿಗಳನ್ನು ಚರ್ಮದ ಚೀಲದೊಳಗೆ ಒತ್ತಿ ತುಂಬಿ, ಹೊಲಿದು ಚೆಂಡು ಮಾಡುತ್ತಿದ್ದರು. ಕುಶಲಕರ್ಮಿಯೊಬ್ಬ ದಿನಕ್ಕೆ ಕೆಲವೇ ಕೆಲವು ಚೆಂಡುಗಳನ್ನು ಮಾಡಬಲ್ಲವನಾಗಿದ್ದುದರಿಂದ ಬೆಲೆ ವಿಪರೀತ. 1848ರ ಸುಮಾರಿಗೆ ಮಲಯ ಪ್ರದೇಶದ ಮರದ ಹಾಲಿನಿಂದ ಬರುವ ಗಟ್ಟಾಪರ್ಚ ಎಂಬ ಅಂಟಿನ ಅಗ್ಗದ ಚೆಂಡು ಬಂತು. ಹೊಸದರಲ್ಲಿ ನುಣುಪಾಗಿದ್ದ ಈ ಚೆಂಡು ಸರಿಯಾಗಿ ಹಾರುತ್ತಿರಲಿಲ್ಲ. ಆಡಿ ಆಡಿ ಮೈಯೆಲ್ಲ ಗಾಯವಾದ ಮೇಲೆ ಅದೇ ಚೆಂಡು ನೆಟ್ಟಗೆ, ದೂರಕ್ಕೆ ಹಾರತೊಡಗಿತು! ತಯಾರಕರು ಇದನ್ನು ಗಮನಿಸಿ ಹೊಸ ಚೆಂಡಿಗೇ ಸುತ್ತಿಗೆಯಿಂದ ಗೀರು ಹಾಕಲು ಆರಂಭಿಸಿದರು. ಇಂದಿನ ಚೆಂಡಿನ ಮೈಮೇಲಿರುವ ಸಣ್ಣ ಸಣ್ಣ ತಗ್ಗುಗಳು ಆ ಗೀರುಗಳ ವಂಶಸ್ಥರು. ಒರಟು ಮೈ ತನ್ನ ಸುತ್ತಲಿನ ಗಾಳಿಯನ್ನು ಹಿಡಿದಿಟ್ಟುಕೊಂಡು ಹಿಂದಿನ ಎಳೆತವನ್ನು ಕಡಿಮೆ ಮಾಡುತ್ತದೆ ಎಂಬುದು ಇದರ ಹಿಂದಿನ ವಿಜ್ಞಾನ. ಕಣ್ಣಿಗೆ ದೋಷವೆಂದು ಕಂಡದ್ದೇ ಗುಣವಾಗಿತ್ತು. ತಿದ್ದಲು ಹೊರಡುವ ನಮ್ಮಂಥವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಕೋಲು ಬೀಸುವ ವಿದ್ಯೆಗೆ ಬರೋಣ. ಹಿಂದಿನವರು ಇದನ್ನು ಕಲಿಯುತ್ತಿದ್ದುದು ಹೇಗೆ? ನೋಡಿ ಕಲಿಯುತ್ತಿದ್ದರು. ಆಟಗಾರರ ಕೋಲುಗಳನ್ನು ಹೊರುವ ಬಡ ಹುಡುಗರು, ಅಂದರೆ ಕ್ಯಾಡಿಗಳು, ದಿನವಿಡೀ ಬೀಸನ್ನು ಕಂಡು, ಯಾರೂ ಇಲ್ಲದಾಗ ತಾವೂ ಬೀಸಿ ಕಲಿತರು. ಜರ್ಸಿ ದ್ವೀಪದ ತೋಟಗಾರನ ಮಗ ಹ್ಯಾರಿ ವಾರ್ಡನ್ ಹೀಗೆ ಬೆಳೆದವನೇ. 1896ರಿಂದ 1914ರೊಳಗೆ ಬ್ರಿಟನ್ನಿನ ಓಪನ್ ಪಂದ್ಯಾವಳಿಯನ್ನು ಆರು ಸಲ ಗೆದ್ದ ಅವನ ದಾಖಲೆಯನ್ನು ಇದುವರೆಗೆ ಯಾರೂ ಸರಿಗಟ್ಟಿಲ್ಲ. ಅಮೆರಿಕದ ಬಾಬಿ ಜೋನ್ಸ್ ಕ್ಯಾಡಿಯಾಗಿರಲಿಲ್ಲ, ಅನುಕೂಲಸ್ಥರ ಮಗ. ಆದರೂ ಅವನು ಕಲಿತದ್ದು ಇದೇ ರೀತಿಯಲ್ಲಿ. ಅಟ್ಲಾಂಟಾದ ತನ್ನ ಮನೆಯ ಬಳಿಯ ಮೈದಾನಕ್ಕೆ ಸ್ಕಾಟ್ಲೆಂಡಿನಿಂದ ಬಂದಿದ್ದ ಸ್ಟೂವರ್ಟ್ ಮೇಡನ್ ಎಂಬ ವೃತ್ತಿಪರ ಆಟಗಾರನ ಬೆನ್ನ ಹಿಂದೆ ಆ ಬಾಲಕ ಸುತ್ತಿದ; ಮನೆಗೆ ಬಂದು ಅವನಂತೆಯೇ ಬೀಸಿದ. 1930ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನಾಲ್ಕೂ ದೊಡ್ಡ ಪಂದ್ಯಾವಳಿಗಳನ್ನು ಒಂದೇ ವರ್ಷದಲ್ಲಿ ಗೆದ್ದು, 28ನೆಯ ವಯಸ್ಸಿಗೇ ಸ್ಪರ್ಧೆಯಿಂದ ನಿವೃತ್ತನಾದ.

ನಾವೂ ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡಿದ್ದು ಹೀಗೆಯೇ ಅಲ್ಲವೇ? ಮೊಣಕೈ ಎಷ್ಟು ಮಡಿಸಬೇಕೆಂದು ನಮಗೆ ಯಾರು ಹೇಳಿಕೊಟ್ಟಿದ್ದರು?

ಆಟ ಜನಪ್ರಿಯವಾದಂತೆ ಪಾಠ ಹೇಳುವ ಪುಸ್ತಕಗಳೂ ಛಾಯಾಚಿತ್ರಗಳೂ ಬಂದವು. ಒಂದು ಬೀಸನ್ನು ಹತ್ತಾರು ಭಂಗಿಗಳಾಗಿ ಬಿಡಿಸಿ ತೋರಿಸುವುದು ರೂಢಿಯಾಯಿತು. ಇದಕ್ಕೆ ಎದುರಾಗಿ ನಿಂತವನೇ ಈ ಲೇಖನದ ನಾಯಕ, ಅರ್ನೆಸ್ಟ್ ಜೋನ್ಸ್. ಬಾಬಿ ಜೋನ್ಸ್‌ಗೂ ಇವನಿಗೂ ಸಂಬಂಧವಿಲ್ಲ, ಮನೆತನದ ಹೆಸರೊಂದೇ ಅಷ್ಟೆ. ಇಂಗ್ಲೆಂಡಿನ ಈ ವೃತ್ತಿಪರ ಆಟಗಾರ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಫ್ರಾನ್ಸಿಗೆ ಹೋದ. 1916ರಲ್ಲಿ ಗಾಯಗೊಂಡು ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಗಾಲ್ಫ್ ಆಟಗಾರನ ಬಾಳು ಅಲ್ಲಿಗೆ ಮುಗಿಯಿತೆಂದು ಯಾರಾದರೂ ಭಾವಿಸುತ್ತಿದ್ದರು. ಆದರೆ ಅವನು ಚೇತರಿಸಿಕೊಂಡು, ಊರುಗೋಲಿನ ನೆರವಿನಿಂದ ಮೈದಾನಕ್ಕೆ ನಡೆದು, ಒಂಟಿ ಕಾಲಿನಲ್ಲಿ ನಿಂತು ಹದಿನೆಂಟು ಕುಳಿಗಳನ್ನು 83 ಹೊಡೆತಗಳಲ್ಲಿ ಮುಗಿಸಿದ. ಎರಡು ಕಾಲಿನ ಹವ್ಯಾಸಿಗಳಲ್ಲಿ ಬಹುಮಂದಿ ಇಂದಿಗೂ ಆ ಸಂಖ್ಯೆಯನ್ನು ಮುಟ್ಟಲಾರರು.

ಇದರಿಂದ ಜೋನ್ಸ್‌ಗೆ ಒಂದು ಪ್ರಶ್ನೆ ಹುಟ್ಟಿತು. ಮೈಭಾರವನ್ನು ಕಾಲಿನಿಂದ ಕಾಲಿಗೆ ದಾಟಿಸಬೇಕು, ಮೊಣಕಾಲು ಹೀಗೆ ತಿರುಗಬೇಕು ಎಂದೆಲ್ಲ ಪಾಠ ಹೇಳುತ್ತಾರಲ್ಲ, ಆ ಕಾಲೇ ಇಲ್ಲದಾಗಲೂ ಚೆಂಡು ಹಾರಿತು. ಹಾಗಾದರೆ ಬೀಸು ಎಂಬುದರ ತಿರುಳು ಯಾವುದು? ಅವನು ಕಂಡುಕೊಂಡ ಉತ್ತರ ಇದು: ಕೈಬೆರಳುಗಳು ಕೋಲಿನ ತುದಿಯನ್ನು ಅರಿಯಬೇಕು, ಆ ತುದಿಯನ್ನು ಬೀಸಬೇಕು. ಉಳಿದ ಅಂಗಗಳು ಬೀಸಿನ ಹಿಂದೆ ತಾವಾಗಿಯೇ ಬರುತ್ತವೆ. ಕಾಲು ಸರಿಯುವುದೂ ಸೊಂಟ ತಿರುಗುವುದೂ ಬೀಸಿನ ಪರಿಣಾಮ. ಪರಿಣಾಮವನ್ನೇ ಕಾರಣವೆಂದು ಕಲಿಸಹೊರಟರೆ ವಿದ್ಯಾರ್ಥಿ ಮರಗಟ್ಟುತ್ತಾನೆ.

1920ರ ದಶಕದಲ್ಲಿ ಅಮೆರಿಕಕ್ಕೆ ಹೋದ ಜೋನ್ಸ್ ಮುಂದೆ ನ್ಯೂಯಾರ್ಕ್ ನಗರದ ಒಂದು ಕಟ್ಟಡದೊಳಗೆ, ಹುಲ್ಲಿನ ಒಂದು ಗರಿಯೂ ಇಲ್ಲದ ಕೋಣೆಯಲ್ಲಿ, ದಶಕಗಳ ಕಾಲ ಪಾಠ ಹೇಳಿದ. ಅವನ ಮುಖ್ಯ ಪಾಠೋಪಕರಣ ಯಾವುದು ಗೊತ್ತೇ? ಕರವಸ್ತ್ರದ ತುದಿಗೆ ಕಟ್ಟಿದ ಒಂದು ಜೇಬಿನ ಚಾಕು! ಬಟ್ಟೆಯ ಇನ್ನೊಂದು ತುದಿ ಹಿಡಿದು ಲಯಬದ್ಧವಾಗಿ ಬೀಸಿದರೆ ಬಟ್ಟೆ ಬಿಗಿಯಾಗಿ ನಿಂತು ಚಾಕು ವೃತ್ತದಲ್ಲಿ ಸಾಗುತ್ತದೆ. ಮಧ್ಯದಲ್ಲಿ ಎಲ್ಲಾದರೂ ಬಲವಂತದಿಂದ ನೂಕಿದಿರೋ, ಬಟ್ಟೆ ಸಡಿಲಗೊಂಡು ಚಾಕು ದಾರಿ ತಪ್ಪುತ್ತದೆ. ಕೋಲು ಗಟ್ಟಿಯಾದ್ದರಿಂದ ನಮ್ಮ ಬಲವಂತವನ್ನು ಮುಚ್ಚಿಡುತ್ತದೆ. ಬಟ್ಟೆ ಅದನ್ನು ತಕ್ಷಣ ಬಯಲು ಮಾಡುತ್ತದೆ. ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಗಿಣಿ ಓಡಿಸಲು ಕವಣೆ ಬೀಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕವಣೆಯ ಹಗ್ಗವನ್ನು ನೂಕಲು ಯಾರಿಂದ ಸಾಧ್ಯ? ಬೀಸಬಹುದು, ಅಷ್ಟೆ.

ಬೆಕ್ಕನ್ನು ಕೊಯ್ದು ಭಾಗ ಭಾಗವಾಗಿ ಹರಡಿದರೆ ರಕ್ತ, ಮಾಂಸ, ಮೂಳೆಗಳೆಲ್ಲ ಸಿಗುತ್ತವೆ, ಬೆಕ್ಕು ಮಾತ್ರ ಸಿಗುವುದಿಲ್ಲ ಎಂಬ ಅರ್ಥದ ಮಾತನ್ನು ಅವನು ಶಿಷ್ಯರಿಗೆ ಹೇಳುತ್ತಿದ್ದನಂತೆ. ಅವನ ಶಿಷ್ಯೆ ವರ್ಜೀನಿಯಾ ವ್ಯಾನ್ ವೀ 1932ರಿಂದ 1934ರವರೆಗೆ ಸತತ ಮೂರು ವರ್ಷ ಅಮೆರಿಕದ ಮಹಿಳಾ ಹವ್ಯಾಸಿ ಚಾಂಪಿಯನ್ ಆದಳು.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಟೆಕ್ಸಾಸಿನ ಬೆನ್ ಹೋಗನ್ 1949ರಲ್ಲಿ ಬಸ್ಸಿನೊಂದಿಗೆ ಕಾರು ಡಿಕ್ಕಿಯಾಗಿ ಸಾವಿನ ದವಡೆಯಿಂದ ಪಾರಾಗಿ, ಹದಿನಾರು ತಿಂಗಳ ಬಳಿಕ ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದವನು. 1957ರಲ್ಲಿ ಅವನು ಪ್ರಕಟಿಸಿದ ಐದು ಪಾಠಗಳ ಪುಸ್ತಕ ಹಿಡಿತ, ನಿಲುವು, ಬೀಸಿನ ಹಂತಗಳನ್ನು ಅಂಗಾಂಗ ಬಿಡಿಸಿ ವಿವರಿಸುತ್ತದೆ. ಇಂದಿಗೂ ಅದಕ್ಕೆ ಅಪಾರ ಗೌರವವಿದೆ. ಆದರೆ ಹೋಗನ್ ಬಾಲ್ಯದಲ್ಲಿ ಕ್ಯಾಡಿಯಾಗಿದ್ದವನು. ಇಡಿಯಾದ ಬೀಸನ್ನು ವರ್ಷಗಟ್ಟಲೆ ಮೈಗೂಡಿಸಿಕೊಂಡ ಮೇಲೆ ಅದನ್ನು ಬಿಡಿಸಿ ನೋಡಿದವನು. ವ್ಯಾಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಮಾತು ಬಂದ ಮೇಲೆ ವ್ಯಾಕರಣ ಬರಲಿ.

ವಿಜ್ಞಾನವೂ ಈ ಮಾತಿಗೆ ಒತ್ತಾಸೆಯಾಗಿದೆ. ಬ್ರಿಟನ್ನಿನ ವಿಜ್ಞಾನಿಗಳು ನಡೆಸಿದ ಸಂಶೋಧನೆಯೊಂದು 1968ರಲ್ಲಿ ಪುಸ್ತಕವಾಗಿ ಬಂತು. ಅವರು ಬೀಸನ್ನು ಎರಡು ಸಲಾಕೆಗಳ ಸರಳ ಮಾದರಿಯಾಗಿ ಕಂಡರು: ತೋಳು ಒಂದು, ಕೋಲು ಇನ್ನೊಂದು, ನಡುವೆ ಮಣಿಕಟ್ಟು ಬಾಗಿಲಿನ ಕೀಲಿನಂತೆ. ಮೇಲಿನಿಂದ ಇಳಿಯುವ ಕೋಲು ಚೆಂಡನ್ನು ಮುಟ್ಟಲು ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ಸಾಕು. ಕೋಲಿಗೂ ಚೆಂಡಿಗೂ ಸ್ಪರ್ಶವಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಅಷ್ಟರಲ್ಲಿ ನಾಲ್ಕು ಸೂಚನೆಗಳನ್ನು ನೆನೆದು ಪಾಲಿಸುವುದು ಯಾವ ಮನುಷ್ಯನಿಂದಲೂ ಆಗದು.

ನಮ್ಮ ದೇಶಕ್ಕೆ ಈ ಆಟ ಬ್ರಿಟಿಷರೊಡನೆ ಬಂತು. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬುಗಳು ಸ್ಥಾಪನೆಯಾದವು. ಬಹುಕಾಲ ಸಿರಿವಂತರ ಬೇಲಿಯೊಳಗೇ ಉಳಿದ ಆಟವಿದು ಎಂಬುದೂ ನಿಜ. ಆದರೂ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ತಾಯಿಯನ್ನೇ ಕ್ಯಾಡಿಯಾಗಿ ಕರೆದುಕೊಂಡು ಆಡಿ, ಪದಕದ ಸಾಲಿನಿಂದ ಒಂದೇ ಒಂದು ಹೊಡೆತ ಹಿಂದುಳಿದು ನಾಲ್ಕನೆಯವಳಾದಾಗ, ಗಾಲ್ಫ್ ಎಂದರೇನೆಂದು ತಿಳಿಯದ ಎಷ್ಟೋ ಮನೆಗಳಲ್ಲಿ ಜನ ಬೆಳ್ಳಂಬೆಳಗ್ಗೆ ಎದ್ದು ಟಿ.ವಿ. ಮುಂದೆ ಕುಳಿತಿದ್ದರು. ನಮ್ಮ ಮನೆಯಲ್ಲಿಯೂ ಅಷ್ಟೆ.

ಇನ್ನು ನನ್ನ ನಿದ್ದೆಗೆಟ್ಟ ರಾತ್ರಿಯ ವಿಷಯ. ಆ ಹುಡುಗ ಎಂಟನೇ ತರಗತಿಗೆ ಬಂದಾಗ ಒಳ್ಳೆಯ ಕಂಠದಿಂದ, ಹಳ್ಳಿಯ ಲಯದಲ್ಲಿ ಓದುತ್ತಿದ್ದ. ಹಕಾರವಿರುವಲ್ಲಿ ಅಕಾರ ಬರುತ್ತಿತ್ತು, ಮಹಾಪ್ರಾಣಗಳು ಅಲ್ಪಪ್ರಾಣವಾಗುತ್ತಿದ್ದವು. ನಾನು ಶ್ರದ್ಧೆಯಿಂದಲೇ, ಒಳಿತನ್ನು ಬಯಸಿಯೇ, ಪ್ರತಿ ಪದಕ್ಕೂ ನಿಲ್ಲಿಸಿದೆ. ವರ್ಷಾಂತ್ಯಕ್ಕೆ ಅವನು ಓದಲು ಎದ್ದು ನಿಂತರೂ ಬಾಯಿ ತೆರೆಯುತ್ತಿರಲಿಲ್ಲ. ಅವನಿಗೆ ನಾಚಿಕೆ ಸ್ವಭಾವವೆಂದು ನಾನು ಅಂದುಕೊಂಡಿದ್ದೆ. ಬಿ.ಎಡ್. ತರಗತಿಯಲ್ಲಿ 'ಪೂರ್ಣದಿಂದ ಅಂಶದ ಕಡೆಗೆ' ಎಂಬ ಬೋಧನಾಸೂತ್ರವನ್ನು ಕಂಠಪಾಠ ಮಾಡಿ ಅಂಕ ಗಳಿಸಿದವನು ನಾನು! ಅದು ನನಗೆ ಅರ್ಥವಾಗಲು ನಿವೃತ್ತಿಯಾಗಬೇಕಾಯಿತು, ಒಂಟಿ ಕಾಲಿನ ಒಬ್ಬ ಇಂಗ್ಲಿಷ್ ಮೇಷ್ಟ್ರು ಬೇಕಾದ.

ಕಳೆದ ವಾರ ಅವನಿಗೆ ಫೋನ್ ಮಾಡಿ, ಕರವಸ್ತ್ರ ಮತ್ತು ಚಾಕುವಿನ ಕಥೆಯನ್ನು ಹೇಳಿದೆ. ಹಾಗೆಯೇ ಇನ್ನೊಂದು ಮಾತನ್ನೂ ಹೇಳಿದೆ: "ಈ ಯುಗಾದಿಗೆ ಮನೆಗೆ ಬಾರಪ್ಪ. ನಿನಗೆ ಇಷ್ಟವಾದ ಯಾವುದಾದರೂ ಪುಸ್ತಕದಿಂದ ಎರಡು ಪುಟ ಗಟ್ಟಿಯಾಗಿ ಓದು. ನಾನು ಬಾಯಿ ತೆರೆಯುವುದಿಲ್ಲ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಆಗ್ಲಿ ಸರ್, ಬರ್ತೀನಿ" ಎಂದ.

ನಿಮ್ಮಲ್ಲಿಯೂ ಹೀಗೆ ನನ್ನ ಕೆಂಪು ಶಾಯಿಯಿಂದ ನೊಂದವರಿದ್ದರೆ ಅವರಿಗೂ ಇದೇ ಆಹ್ವಾನ. ಎಲ್ಲರಿಗೂ ಶುಭವಾಗಲಿ.